ಒಣ ಕಸಕ್ಕೆ ರೇಟು ಬರುವುದು ಬಿಡಿಸಿದ ಮೇಲೆ

ಬೆಂಗಳೂರಿನ ಬೀದಿಗಳಲ್ಲಿ ಅವ್ವನ ಜೊತೆ ಚೀಲ ಹೊತ್ತು ಕಸ ಆಯ್ದು ಬೆಳೆದವಳು ನಾನು. ಈಗ ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ ನೋಡಿಕೊಳ್ಳುತ್ತೇನೆ. ‘ಕಸದಲ್ಲಿ ಒಳ್ಳೆ ದುಡ್ಡಂತೆ, ಹೌದಾ ಅಕ್ಕ?’ ಅಂತ ಎಷ್ಟೋ ಜನ ಕೇಳುತ್ತಾರೆ. ಇದೆ, ಆದರೆ ಕೂತು ಬಿಡಿಸಬೇಕು.

ಆಯ್ದ ಚೀಲವನ್ನು ಹಾಗೇ ಗುಜರಿ ಅಂಗಡಿಯಲ್ಲಿ ಸುರಿದರೆ, ಅದರಲ್ಲಿರುವ ಅಗ್ಗದ ಮಾಲಿನ ರೇಟೇ ಎಲ್ಲದಕ್ಕೂ. ಅವ್ವ ಹಾಗೆ ಕೊಡುತ್ತಿರಲಿಲ್ಲ. ರಟ್ಟು ಬೇರೆ, ನ್ಯೂಸ್ ಪೇಪರ್ ಬೇರೆ, ಆಫೀಸಿನ ಬಿಳಿ ಹಾಳೆ ಬೇರೆ. ಕಬ್ಬಿಣಕ್ಕೆ ಅಯಸ್ಕಾಂತ ಹಿಡಿದರೆ ಮುಗಿಯಿತು.

ಕಷ್ಟ ಇರುವುದು ಪ್ಲಾಸ್ಟಿಕ್‌ನಲ್ಲಿ. ನೀರಿನ ಬಾಟಲಿ ಪೆಟ್, ಅದರ ಮುಚ್ಚಳ ಬೇರೆಯದೇ ಪ್ಲಾಸ್ಟಿಕ್. ಅದಕ್ಕೇ ಮುಚ್ಚಳ ತಿರುಗಿಸಿ ತೆಗೆದು, ಲೇಬಲ್ ಕಿತ್ತು, ಬಾಟಲಿ ತುಳಿದು ಚಪ್ಪಟೆ ಮಾಡುತ್ತೇವೆ. ಬಣ್ಣವಿಲ್ಲದ ಬಾಟಲಿಗೆ ರೇಟು ಜಾಸ್ತಿ, ಹಸಿರಿಗೆ ಕಮ್ಮಿ. ಹೋಟೆಲ್ ಪಾರ್ಸಲ್ಲಿನ ಕಪ್ಪು ಡಬ್ಬಿಗೆ ಇನ್ನೂ ಕಮ್ಮಿ, ಯಾಕೆಂದರೆ ಕಪ್ಪನ್ನು ಕರಗಿಸಿದರೆ ಕಪ್ಪೇ ಬರುತ್ತದೆ. ಯಾವ ಪ್ಲಾಸ್ಟಿಕ್ ಅಂತ ಅನುಮಾನ ಬಂದರೆ ಒಂದು ಚೂರು ಕತ್ತರಿಸಿ ಬಕೆಟ್ ನೀರಿಗೆ ಹಾಕುತ್ತೇನೆ. ಶಾಂಪೂ ಬಾಟಲಿ, ಮುಚ್ಚಳದ ಚೂರು ತೇಲುತ್ತವೆ. ಪೆಟ್, ಪೈಪಿನ ಪಿವಿಸಿ ಮುಳುಗುತ್ತವೆ. ನಮ್ಮಲ್ಲಿ ಹಳೇ ಕೈಗಳಿಗೆ ಬಕೆಟ್ಟೂ ಬೇಡ. ಹಿಸುಕಿ ಸದ್ದು ಕೇಳಿದರೆ ಸಾಕು.

ಹೀಗೆ ಬಿಡಿಸಿದ ಪ್ಲಾಸ್ಟಿಕ್ ನಾಯಂಡಹಳ್ಳಿ ಕಡೆ ಹೋಗುತ್ತದೆ. ಅಲ್ಲಿ ಪುಡಿ ಮಾಡಿ, ತೊಳೆದು, ಕರಗಿಸಿ ಕಾಳು ಮಾಡುತ್ತಾರೆ. ಬೇರೆ ಪ್ಲಾಸ್ಟಿಕ್ ಒಂದಿಷ್ಟು ಸೇರಿಕೊಂಡರೂ ಅವರ ಮಾಲು ಕೆಡುತ್ತದೆ. ಆಮೇಲೆ ನಮ್ಮ ಮಾಲನ್ನು ಯಾರು ಮುಟ್ಟುತ್ತಾರೆ?

2011ರಲ್ಲಿ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಅದಕ್ಕೆ ಮುಂಚೆ ಚೀಲದಲ್ಲಿ ತಾಮ್ರದ ತಂತಿ ಕಂಡರೆ ‘ಎಲ್ಲಿ ಕದ್ದೆ?’ ಅಂತಲೇ ಮಾತು ಶುರು. ಚೀಟಿ ತೋರಿಸಿದ ಮೇಲೂ ಕೇಳುವವರು ಇದ್ದಾರೆ, ಅದು ಬೇರೆ ವಿಷಯ.

2015ರ ಕೊನೆಯಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲ ಅಂತ ಆದೇಶ ಕೊಟ್ಟಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ಪ್ಯಾಡ್ ಡೈಪರ್‌ಗೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ನಮ್ಮ ಕೈಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಅಂತ ನಾನು ಹೇಳುತ್ತೇನೆ. ಸಾರು ಚೆಲ್ಲಿದ ರಟ್ಟಿಗೆ ರೇಟೇ ಇಲ್ಲ. ಗ್ಲೌಸ್ ಇದ್ದರೂ ಒಡೆದ ಗಾಜು ಕೈ ಕೊಯ್ಯುತ್ತದೆ, ಪೇಪರಲ್ಲಿ ಸುತ್ತಿ ಮೇಲೆ ಒಂದು ಗುರುತು ಹಾಕಿದರೆ ಸಾಕಲ್ವಾ? ಹಾಲಿನ ಕವರ್ ಕತ್ತರಿಸುವಾಗಲೂ ಮೂಲೆಯ ತುಂಡು ಕವರಿಗೇ ಅಂಟಿಕೊಂಡಿರಲಿ. ಆ ಚೂರನ್ನು ಆಯಲು ಯಾರಿಂದಲೂ ಆಗುವುದಿಲ್ಲ, ನೇರ ಚರಂಡಿಗೆ ಹೋಗುತ್ತದೆ. ತೊಳೆದು ಒಣಗಿಸಿದ ಹಾಲಿನ ಕವರಿಗೆ ಒಳ್ಳೆ ಬೇಡಿಕೆ. ತೊಳೆಯದಿದ್ದರೆ ಎರಡೇ ದಿನಕ್ಕೆ ಶೆಡ್ಡೆಲ್ಲ ನಾತ.

ಚಿಪ್ಸ್ ಪ್ಯಾಕೆಟ್ಟನ್ನು ಮಾತ್ರ ಯಾವ ವ್ಯಾಪಾರಿಯೂ ಕೊಳ್ಳುವುದಿಲ್ಲ. ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಪದರ ಪದರವಾಗಿ ಅಂಟಿರುತ್ತವೆ, ಬಿಡಿಸಲು ಬರುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಒಲೆಗೆ ಕಳಿಸುತ್ತೇವೆ. ಅದನ್ನು ಬೇರೆ ಇಡುವ ಹೆಂಗಸರ ಕೂಲಿ ಅದರಿಂದ ಹುಟ್ಟುವುದಿಲ್ಲ, ಬಾಟಲಿ ಮಾರಿದ ದುಡ್ಡಲ್ಲೇ ಕೊಡಬೇಕು. ತಯಾರಿಸುವ ಕಂಪನಿಗಳೇ ಈ ಕೂಲಿ ಕೊಡಬೇಕು ಅನ್ನುವುದು ನನ್ನ ಹಠ.

ರೇಟು ನಮ್ಮ ಕೈಯಲ್ಲಿಲ್ಲ. ಕಚ್ಚಾ ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ಕೇ ಅಗ್ಗ, ಆಗ ಹಳೇದನ್ನು ಕೇಳುವವರು ಕಮ್ಮಿ. ಅಂಥ ಸಮಯದಲ್ಲಿ ಬಾಟಲಿ, ಕವರುಗಳನ್ನು ಅದುಮಿ ಕಟ್ಟಿ ಶೆಡ್ಡಿನಲ್ಲೇ ಇಟ್ಟುಕೊಂಡು ಕಾಯುತ್ತೇನೆ. ಪೇಪರ್ ಮಾತ್ರ ಇಟ್ಟುಕೊಳ್ಳುವುದಿಲ್ಲ. ಇಲಿ ಬೀಳುತ್ತದೆ, ಮಳೆ ತಾಗಿದರೆ ವ್ಯಾಪಾರಿ ತೂಕದಲ್ಲಿ ಕಡಿತ ಮಾಡುತ್ತಾನೆ. ಬಂದ ರೇಟಿಗೆ ಅದೇ ವಾರ ಕೊಟ್ಟುಬಿಡುತ್ತೇನೆ.