ಎಲೆಗೆ ಬಡಿಸಿದ ಮೇಲೆ ಅಳತೆ

"ಕುಲಪತಿಯಾಗಿ ರಿಟೈರ್ ಆದವರು ತಗತೆ ಸೊಪ್ಪು ಹುಡುಕಿಕೊಂಡು ಯಾಕೆ ತಿರುಗುವುದು ಟೀಚರೇ?" ಎಂದು ಕಾಸರಗೋಡಿನ ಪೆರ್ಲದ ಅಂಗಡಿಯವರೊಬ್ಬರು ಕೇಳಿದರು. ತಗತೆ ಎಂದರೆ ಮಳೆಗಾಲದಲ್ಲಿ ಬದುವಿನಲ್ಲಿ ತಾನಾಗಿ ಬೆಳೆಯುವ ಸೊಪ್ಪು. ಕುಲಪತಿ ಕುರ್ಚಿ ನಡುವೆ ಬಂದು ಹೋಯಿತು. ಸೊಪ್ಪಿನ ಕೆಲಸ, ಎಂದರೆ ನಮ್ಮ ಊರಿನ ಸೊಪ್ಪು, ಅಡುಗೆಗಳಲ್ಲಿ ಎಷ್ಟು ಪೋಷಕಾಂಶ ಇದೆ ಎಂದು ಅಳೆಯುವ ಕೆಲಸ, ಅದಕ್ಕಿಂತ ಮೊದಲೂ ಇತ್ತು, ಈಗಲೂ ಇದೆ. ಹೊಸದಾಗಿ ಸಂಶೋಧನೆಗೆ ಇಳಿಯುವ ಮಕ್ಕಳೂ ಈಚೆಗೆ ಕೇಳುತ್ತಿರುತ್ತಾರೆ: ನೀವು ಇದನ್ನೆಲ್ಲ ಹೇಗೆ ಮಾಡಿದಿರಿ? ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ. ಪದವಿಗೆ ಗೃಹವಿಜ್ಞಾನ ತೆಗೆದುಕೊಂಡಾಗ "ಅಡುಗೆ ಕಲಿಯಲು ಕಾಲೇಜು ಬೇಕಾ?" ಎಂದು ನೆಂಟರು ನಕ್ಕರು. ಆಮೇಲೆ ಪೋಷಣಾ ವಿಜ್ಞಾನದಲ್ಲಿ ಎಂಎಸ್ಸಿ, ಪಿಎಚ್‌ಡಿ, ಪಾಠ, ವಿಭಾಗದ ಮುಖ್ಯಸ್ಥೆ, ಡೀನ್, ಕೊನೆಗೆ ಕುಲಪತಿ. ಇದಿಷ್ಟನ್ನು ಯಾವ ಬಯೋಡೇಟಾದಲ್ಲೂ ಓದಬಹುದು.

ನಮ್ಮ ಕೆಲಸಕ್ಕೆ ಆಧಾರ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಗಳು, ಯಾವ ಆಹಾರದಲ್ಲಿ ಯಾವ ಪೋಷಕಾಂಶ ಎಷ್ಟಿದೆ ಎಂದು ಹೇಳುವಂಥವು. ನಾವು ವಿದ್ಯಾರ್ಥಿಗಳಾಗಿದ್ದಾಗ ಸಿ. ಗೋಪಾಲನ್ ಮತ್ತು ಸಂಗಡಿಗರ ಪುಸ್ತಕ ಇಲ್ಲದ ಪೋಷಣಾ ವಿಭಾಗ ಇರಲಿಲ್ಲ. 2017ರಲ್ಲಿ ಬಂದ ಹೊಸ ಪಟ್ಟಿಯಲ್ಲಿ ದೇಶದ 6 ವಲಯಗಳಿಂದ ತಂದ 528 ಆಹಾರಗಳಿವೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಹೀಗೆ. ದೊಡ್ಡ ಕೆಲಸ ಅದು. ಆದರೆ ಅದರಲ್ಲಿರುವುದು ಹೆಚ್ಚಿನವೂ ಹಸಿ ಪದಾರ್ಥಗಳು. ಕೆಸುವಿನ ಎಲೆ ಸಿಗುತ್ತದೆ, ಅದರಿಂದ ಮಾಡುವ ಪತ್ರೊಡೆ ಸಿಗುವುದಿಲ್ಲ. ನಮ್ಮ ಊರಲ್ಲಿ ಹಸಿ ಕೆಸುವಿನ ಎಲೆ ತಿಂದವರು ಯಾರಿದ್ದಾರೆ? ನಾಲಗೆ ತುರಿಸಿ ಸಾಯಬೇಕಷ್ಟೆ. ಹಾಗಾಗಿ ನಾನು ಹಿಡಿದದ್ದು ಒಂದೇ ದಾರಿ. ಗದ್ದೆ ಬದುವಿನಿಂದ ಶುರುಮಾಡಿ ಊಟದ ಎಲೆಗೆ ಬಡಿಸುವ ತನಕ ಹಿಂದೆಯೇ ಹೋಗುವುದು, ಬಡಿಸಿದ್ದನ್ನು ಅಳೆಯುವುದು.

ಗದ್ದೆ ಬದುವಿನಲ್ಲಿ ಮೊದಲ ಎಚ್ಚರ ಮಣ್ಣಿನದ್ದು. ಕಾಸರಗೋಡಿನದ್ದು ಮುರಕಲ್ಲಿನ ಕೆಂಪು ನೆಲ. ಆ ಕೆಂಪು ಬರುವುದೇ ಕಬ್ಬಿಣದಿಂದ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನೆಲಕ್ಕೆ ಬಡಿದು ಹಾರಿದ ಕೆಸರು ತಗತೆ, ಒಂದೆಲಗದಂಥ ಗಿಡ್ಡ ಗಿಡಗಳ ಎಲೆಯ ಅಡಿಗೆ ಅಂಟಿಕೊಂಡಿರುತ್ತದೆ. ಸುಮ್ನೆ ಒಂದು ಸಲ ಜಾಲಾಡಿ ಒಣಗಿಸಿ ಲ್ಯಾಬಿಗೆ ಕೊಟ್ಟರೆ ಕಬ್ಬಿಣದ ಅಂಕಿ ಆಕಾಶಕ್ಕೆ ಹೋಗುತ್ತದೆ. ಅದು ಸೊಪ್ಪಿನ ಕಬ್ಬಿಣ ಅಲ್ಲ, ಗುಡ್ಡದ್ದು. ನಾವು ಮನೆಯ ಹೆಂಗಸರು ತೊಳೆಯುವಷ್ಟೇ ತೊಳೆದ ಒಂದು ಭಾಗ, ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೆ ತೊಳೆದ ಇನ್ನೊಂದು ಭಾಗ ಇಟ್ಟುಕೊಳ್ಳುತ್ತಿದ್ದೆವು. ಜತೆಗೆ ಅಲ್ಯೂಮಿನಿಯಂ ಕೂಡ ನೋಡುತ್ತಿದ್ದೆವು. ಮಣ್ಣಿನಲ್ಲಿ ಅದು ಧಾರಾಳ, ಹೆಚ್ಚಿನ ಸೊಪ್ಪುಗಳಲ್ಲಿ ಅತಿ ಕಡಿಮೆ. ಅಲ್ಯೂಮಿನಿಯಂ ಏರಿದ್ದರೆ ಮಣ್ಣು ಸೇರಿದೆ ಎಂದೇ ಲೆಕ್ಕ. (ನೆಕ್ಕರಿಕಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅದು ತಾನಾಗಿಯೇ ಅಲ್ಯೂಮಿನಿಯಂ ಎಳೆದುಕೊಳ್ಳುವ ಗಿಡ.)

ಒಣಗಿಸಿದ ತೂಕದ ಆಟವನ್ನೂ ಹೇಳಿಬಿಡುತ್ತೇನೆ. 100 ಗ್ರಾಂ ಹಸಿ ಸೊಪ್ಪು ಒಣಗಿ 20 ಗ್ರಾಂ ಆದರೆ, ಹುಡಿಯ 100 ಗ್ರಾಮಿಗೆ ಬರುವ ಅಂಕಿ ಹಸಿಯದಕ್ಕಿಂತ ಐದು ಪಟ್ಟು ಜಾಸ್ತಿ ಕಾಣುತ್ತದೆ. ವಾಟ್ಸಾಪಿನಲ್ಲಿ ಓಡಾಡುವ "ಹಾಲಿಗಿಂತ ಇಷ್ಟು ಪಟ್ಟು ಕ್ಯಾಲ್ಸಿಯಂ" ಮಾತುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ನುಗ್ಗೆಸೊಪ್ಪಿನ ಹುಡಿಯನ್ನು ಯಾರೂ ಹಾಲಿನ ಹಾಗೆ ಲೋಟಗಟ್ಟಲೆ ಕುಡಿಯುವುದಿಲ್ಲ ಅಲ್ವಾ?

ನನಗೆ ತುಂಬ ಖುಷಿ ಕೊಟ್ಟ ಕೆಲಸ ಅಡುಗೆಮನೆಯದ್ದು. ಎಣ್ಮಕಜೆ ಕಡೆಯ ಒಂದು ಮನೆಯಲ್ಲಿ ಪತ್ರೊಡೆ ಮಾಡುವ ದಿನ ತಕ್ಕಡಿ ಹಿಡಿದುಕೊಂಡು ಹೋದೆವು. ಮನೆಯ ಹಿರಿಯಕ್ಕ ಅಕ್ಕಿ ಹಾಕಿದ್ದು ಕುಡ್ತೆ ಎಂಬ ಸಣ್ಣ ಅಳತೆ ಪಾತ್ರೆಯಲ್ಲಿ, ಹುಣಸೆ ಹಾಕಿದ್ದು ಮುಷ್ಟಿಯಲ್ಲಿ, ಬೆಲ್ಲ ಅಂದಾಜಿನಲ್ಲಿ. ಅವರ ಕೈ ತಡೆಯಲೇಬಾರದು ಎನ್ನುವುದು ನನ್ನ ನಿಯಮ. ಪಾತ್ರೆಯನ್ನು ಮೊದಲು ತೂಗುವುದು, ಅವರು ಹಾಕಿದ ಮೇಲೆ ಪುನಃ ತೂಗುವುದು, ನಡುವಿನ ವ್ಯತ್ಯಾಸ ಬರೆದುಕೊಳ್ಳುವುದು. "ಅಳತೆ ಹೇಳಿ ಅಕ್ಕ" ಎಂದು ಕೇಳಿದರೆ ಅವರು ನಮ್ಮ ಖುಷಿಗೆ ಒಂದು ಅಳತೆ ಹೇಳುತ್ತಾರೆ, ಆ ದಿನದ ಪತ್ರೊಡೆಯೂ ಹಾಗೇ ಕೆಡುತ್ತದೆ.

ನೆನೆದ ಅಕ್ಕಿ, ಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲ, ಕಾಯಿಸುಳಿ (ತೆಂಗಿನ ತುರಿ) ಸೇರಿ ಗಟ್ಟಿ ಹಿಟ್ಟಾಯಿತು. ಎಲೆಯ ನಾರು ಸೀಳಿ ತೆಗೆದು, ಬೆನ್ನು ಮೇಲೆ ಮಾಡಿ ಹಾಸಿ, ಹಿಟ್ಟು ಸವರಿ, ಮೇಲೊಂದು ಎಲೆ ಇಟ್ಟು ಮತ್ತೆ ಸವರಿ ಸುರುಳಿ ಸುತ್ತಿದರು. ಅಟ್ಟಿನಳಗೆಯಲ್ಲಿ, ಎಂದರೆ ಆವಿಯಲ್ಲಿ ಬೇಯಿಸುವ ಪಾತ್ರೆಯಲ್ಲಿ, ಬೇಯಿಸಿದರು. ನಾವು ಎಲೆಯನ್ನು ನಾರು ತೆಗೆಯುವ ಮೊದಲೂ ಆಮೇಲೂ ತೂಗಿದೆವು. ಬಿಸಾಡುವ ಭಾಗ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಯಂಥ ಹರಳುಗಳಾಗಿ ಇರುತ್ತದೆ, ತುರಿಕೆ ಅದರಿಂದಲೇ. ಪಟ್ಟಿಯಲ್ಲಿ ಕಾಣುವ ಕ್ಯಾಲ್ಸಿಯಮ್ಮಿನಲ್ಲಿ ಹೀಗೆ ಆಕ್ಸಲೇಟಿಗೆ ಕಟ್ಟಿಕೊಂಡದ್ದು ದೇಹಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ಸೊಪ್ಪು ಕುದಿಸಿ ನೀರು ಬಸಿದರೆ ಕರಗುವ ಆಕ್ಸಲೇಟ್ ಸ್ವಲ್ಪ ಹೋಗುತ್ತದೆ. ಆವಿಯಲ್ಲಿ ಬೇಯಿಸುವಾಗ ಬಸಿಯುವ ನೀರೇ ಇಲ್ಲ. ಹಾಗಾಗಿ ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರಿಗೆ ಪತ್ರೊಡೆ ರುಚಿ ನೋಡುವಷ್ಟು ಸಾಕು ಎಂದೇ ಹೇಳುತ್ತೇನೆ, ಎಷ್ಟು ಇಷ್ಟವಾದರೂ.

ಆದದ್ದೆಲ್ಲ ಯಾರ ಎಲೆಗೆ ಎಷ್ಟು ಹೋಯಿತು ಎನ್ನುವುದನ್ನೂ ತೂಗಬೇಕು. ಇದು ಬೇಸರದ ಕೆಲಸ. ಮನೆಯವರಿಗೂ ಕಿರಿಕಿರಿ. ಆದರೆ ಪೋಷಣೆಯ ಕತೆ ಇರುವುದು ಅಲ್ಲಿಯೇ. ಕೊನೆಗೆ ಉಣ್ಣುವ ಸೊಸೆಗೆ ಎಷ್ಟು ಉಳಿಯಿತು ಎಂಬುದು ಮನೆಯ ಸರಾಸರಿಯಲ್ಲಿ ಕಾಣಿಸುವುದೇ ಇಲ್ಲ. ಊಟ ಆದ ಕೂಡಲೇ ಚಹಾ ಕುಡಿಯುತ್ತಾರಾ ಎಂದೂ ಕೇಳಿ ಬರೆದುಕೊಳ್ಳಬೇಕು. ಚಹಾದ ಟ್ಯಾನಿನ್ ಸೊಪ್ಪಿನ ಕಬ್ಬಿಣಕ್ಕೆ ಅಡ್ಡಗಾಲು.

ಕುಚ್ಚಿಲಕ್ಕಿ ವಿಷಯದಲ್ಲಿ ನಮಗೆ ದೊಡ್ಡ ಚರಿತ್ರೆಯ ಬೆಂಬಲ ಇತ್ತು. ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಒಂದು ಸಣ್ಣ ಘಟಕದಲ್ಲಿ ಬೆರಿಬೆರಿ ರೋಗದ (ಥಯಾಮಿನ್ ಎಂಬ ಬಿ1 ಜೀವಸತ್ವ ಸಾಲದೆ ಬರುವ ಕಾಯಿಲೆ) ವಿಚಾರಣೆ ಶುರುಮಾಡಿದಾಗ ಕಾಸರಗೋಡೂ, ದಕ್ಷಿಣ ಕನ್ನಡದ ಒಂದು ತಾಲೂಕಾಗಿ, ಕೂನೂರು ಇದ್ದ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಆ ಸಣ್ಣ ಘಟಕವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಯಿತು, ನಾನು ಮೊದಲು ಹೇಳಿದ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಬೆರಿಬೆರಿ ಕಾಡಿದ್ದು ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ (ಭತ್ತ ಬೇಯಿಸದೆ ಮಾಡಿದ ಅಕ್ಕಿ) ತಿನ್ನುವ ಆಂಧ್ರದ ಕರಾವಳಿಯಲ್ಲಿ. ಕುಚ್ಚಿಲಕ್ಕಿಗೆ ಭತ್ತ ಬೇಯಿಸಿ ಒಣಗಿಸುವಾಗ ತವುಡಿನ ಥಯಾಮಿನ್ ಅಕ್ಕಿಯ ಒಳಗೆ ಇಳಿಯುತ್ತದೆ, ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಗಂಜಿ ತೆಳಿಯನ್ನು ಚೆಲ್ಲದೆ ಕುಡಿದರೆ ನೀರಿಗೆ ಇಳಿದದ್ದೂ ಹೊಟ್ಟೆಗೇ ಹೋಗುತ್ತದೆ. ಡೀನ್ ಆಗಿದ್ದಾಗ ಹಾಸ್ಟೆಲಿನ ರಾತ್ರಿ ಊಟಕ್ಕೆ ಕುಚ್ಚಿಲಕ್ಕಿ ಗಂಜಿ, ಹುರುಳಿ ಚಟ್ನಿ ಸೇರಿಸಿದೆ. ಮಕ್ಕಳು "ಜ್ವರದವರ ಊಟ" ಎಂದು ಮುಖ ಸಿಂಡರಿಸಿದರು. ಚಟ್ನಿ ಚೆನ್ನಾಗಿದ್ದ ದಿನ ಮಾತ್ರ ದೂರು ಬರುತ್ತಿರಲಿಲ್ಲ.

ಆಡಳಿತದಲ್ಲಿ ಕಷ್ಟ ಇದ್ದದ್ದು ಬೇರೆ ಕಡೆ. ಲ್ಯಾಬಿಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ತರಿಸಬಹುದು, ಟೆಂಡರ್ ಇದೆ. ತಗತೆ ಸೊಪ್ಪು ತರಿಸಲು ಆಗುವುದಿಲ್ಲ, ಯಾಕೆಂದರೆ ಬಿಲ್ ಕೊಡುವವರಿಲ್ಲ! ಸೊಪ್ಪು ಕೊಯ್ದು ತರುವ ಹೆಂಗಸಿಗೆ ಜಿಎಸ್‌ಟಿ ನಂಬರ್ ಎಲ್ಲಿಂದ ಬರಬೇಕು? ಕೊನೆಗೆ ಕೇರಳದ ಹೆಂಗಸರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಗುಂಪುಗಳ ಮೂಲಕ ದಾರಿ ಮಾಡಿದೆವು. ಅಡುಗೆ ತೋರಿಸಿಕೊಟ್ಟವರಿಗೆ ಉಪನ್ಯಾಸಕರಿಗೆ ಕೊಡುವ ಹಾಗೆಯೇ ಗೌರವಧನ ಎಂದು ಫೈಲಿನಲ್ಲಿ ಬರೆದೆ. ಆ ಫೈಲ್ ಎಷ್ಟು ಮೇಜು ತಿರುಗಿತೋ! ಕುರ್ಚಿಯಲ್ಲಿ ಕೂತು ನಾನು ಮಾಡಿದ ಕೆಲಸಗಳಲ್ಲಿ ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಕೊರಗ, ಮಾವಿಲ ಸಮುದಾಯದವರಿಂದ ಗೆಡ್ಡೆ, ಸೊಪ್ಪಿನ ವಿಷಯ ಕೇಳುವಾಗಲಂತೂ ಒಪ್ಪಿಗೆ ಮೊದಲು, ನೋಟ್‌ಬುಕ್ ಆಮೇಲೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪಂಚಾಯತ್ ಮಟ್ಟದ ಸಮಿತಿ, ಊರಿನ ಜೀವವೈವಿಧ್ಯದ ದಾಖಲೆ ಪುಸ್ತಕ ಎಲ್ಲ ಇದೆ. ಅದನ್ನು ಕಾಟ ಎಂದುಕೊಳ್ಳದೆ ಉಪಯೋಗಿಸಿಕೊಳ್ಳಬೇಕು.

ಎಲ್ಲವನ್ನೂ ನಮ್ಮ ಪಟ್ಟಿಗೆ ಸೇರಿಸಲಿಲ್ಲ. ಆಟಿ ಅಮಾವಾಸ್ಯೆಯ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯವನ್ನು ನಾನು ಹೊರಗೇ ಇಟ್ಟೆ. ಅದು ಮದ್ದು, ಆಹಾರ ಅಲ್ಲ. ಬೆಳಕು ಹರಿಯುವ ಮೊದಲೇ ಕೆತ್ತೆ ತರುವುದು ಕ್ರಮ, ಆ ಕತ್ತಲಲ್ಲಿ ಮರ ತಪ್ಪಿದರೆ ವಿಷವೇ ಆಗಬಹುದು. ಕಣಿಲೆಯನ್ನು (ಎಳೆ ಬಿದಿರು) ಸೇರಿಸಿದೆ, ಆದರೆ ಹೆಚ್ಚಿ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸುವ ಕ್ರಮವನ್ನು ಅಂಕಿಯ ಪಕ್ಕದಲ್ಲೇ ಬರೆದೆ. ಹಸಿ ಕಣಿಲೆಯಲ್ಲಿ ಸಯನೈಡ್ ಹುಟ್ಟಿಸುವ ಪದಾರ್ಥ ಇರುತ್ತದೆ. ಮಾಡುವ ಕ್ರಮ ಬಿಟ್ಟು ಬರೀ ಹೆಸರು ಹೇಳುವ "ಸಾಂಪ್ರದಾಯಿಕ ಸೂಪರ್‌ಫುಡ್" ಲೇಖನಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ಒಬ್ಬ ವಿದ್ಯಾರ್ಥಿನಿ ಉಪ್ಪುಸೊಳೆ ಹಿಡಿದಿದ್ದಾಳೆ. ಹಲಸು 2018ರಲ್ಲಿ ಕೇರಳದ ರಾಜ್ಯ ಹಣ್ಣಾದ ಮೇಲೆ ಹಣ್ಣಿನ ಬಗ್ಗೆ ಮಾತು ಜಾಸ್ತಿಯಾಯಿತು. ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಡುವ ಕಾಯಿಸೊಳೆಯನ್ನು ಕೇಳುವವರು ಕಡಿಮೆ. ರೊಟ್ಟಿಗೂ, ಉಂಡಲಕಾಳು ಎಂಬ ಕರಿದ ಸಣ್ಣ ಉಂಡೆಗೂ ಅದೇ ಬೇಕು, ಬಿಪಿ ಇರುವ ಅಜ್ಜಂದಿರೂ ಅದನ್ನು ಬಿಡುವುದಿಲ್ಲ. ನೀರಿನಲ್ಲಿ ಹಾಕಿ ಉಪ್ಪು ಬಿಡಿಸಿದ ಮೇಲೆ ಸೋಡಿಯಂ ಎಷ್ಟು ಉಳಿಯುತ್ತದೆ ಎಂದು ಅವಳು ಮನೆ ಮನೆಯಿಂದ ಸೊಳೆ ತಂದು ನೋಡುತ್ತಿದ್ದಾಳೆ. ಎಷ್ಟು ಹೊತ್ತು ನೆನೆಸುತ್ತೀರಿ ಎಂದರೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ಗಡಿಯಾರ ಹಿಡಿದು ಅಡುಗೆಮನೆಯಲ್ಲೇ ಕೂತುಕೋ ಎಂದು ಕಳಿಸಿದ್ದೇನೆ.