ಬಟ್ಟೆಯನ್ನೂ ಅಳೆಯಿರಿ, ಗಿರಾಕಿಯ ಮನಸ್ಸನ್ನೂ ಅಳೆಯಿರಿ

ಬೇಸಿಗೆ ಕುರ್ತಾಕ್ಕೆ ಬಟ್ಟೆ ಆರಿಸುವ ಟೈಲರ್‌ಗಳಿರಲಿ, ಗೃಹವಿಜ್ಞಾನದ ಪ್ರಾಜೆಕ್ಟ್ ಮಾಡುವವರಿರಲಿ, ಬಟ್ಟೆಯ ಗುಣ ಒಂದು ಕಡೆ, ಜನರ ಇಷ್ಟ ಇನ್ನೊಂದು ಕಡೆ ನೋಡುತ್ತಾರೆ. ಒಂದೇ ಥಾನಿನ ತುಂಡುಗಳ ಮೇಲೆ ಎರಡನ್ನೂ ನೋಡದಿದ್ದರೆ ಯಾವ ಗುಣಕ್ಕೆ ಜನ ಒಲಿದರು ಎಂಬುದು ಗೊತ್ತಾಗುವುದಿಲ್ಲ.

ಹತ್ತಿ, ರೇಯಾನ್, ಲಿನನ್, ಪಾಲಿಯೆಸ್ಟರ್-ಹತ್ತಿ ಮಿಕ್ಸ್: ತಲಾ ಒಂದೂವರೆ ಮೀಟರ್ ತನ್ನಿ. ನಾಲ್ಕೂ ಪ್ಲೇನ್, ನಾಲ್ಕೂ ಹತ್ತಿರದ ಬಣ್ಣ. ಒಂದು ಮಾತ್ರ ನೀಲಿಯಾದರೆ ಜನ ಬಣ್ಣಕ್ಕೆ ಓಟು ಹಾಕುತ್ತಾರೆ.

ಅಂಗಡಿಯವರ ಮಾತನ್ನು ಮೊದಲು ಬೆಂಕಿಯಲ್ಲಿ ಪರೀಕ್ಷಿಸಿ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡರಿಂದಲೂ ಬೇರೆ ಬೇರೆಯಾಗಿ ಎಳೆ ತೆಗೆದು, ಚಿಮ್ಮಟದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುತ್ತದೆ. ಅದನ್ನು ಬೇರ್ಪಡಿಸಲು ಎಳೆಯನ್ನು ಒದ್ದೆ ಮಾಡಿ ಎಳೆಯಿರಿ: ನೆನೆದ ರೇಯಾನ್ ಸುಲಭವಾಗಿ ತುಂಡಾಗುತ್ತದೆ, ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ.

ತೂಕಕ್ಕೆ ಅಂಚಿನಿಂದ ದೂರ, ಮೂರು ಜಾಗದಲ್ಲಿ 10 × 10 ಸೆಂ.ಮೀ. ಕತ್ತರಿಸಿ. ಒಂದು ತುಂಡಿನ ಗ್ರಾಂ ತೂಕವನ್ನು 100ರಿಂದ ಗುಣಿಸಿದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಅಂದರೆ ಜಿಎಸ್‌ಎಂ. ಅಡುಗೆಮನೆಯ ತಕ್ಕಡಿ ಇದಕ್ಕೆ ಆಗುವುದಿಲ್ಲ. ಅದರಲ್ಲಿ 1 ಗ್ರಾಂ ಅತ್ತಿತ್ತಾದರೆ ಲೆಕ್ಕದಲ್ಲಿ 100 ಜಿಎಸ್‌ಎಂ ತಪ್ಪುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು.

ಹೆಚ್ಚು ದೂರು ಬರುವುದು ಕುಗ್ಗುವುದರ ಬಗ್ಗೆ. 40 ಸೆಂ.ಮೀ. ಚೌಕದ ತುಂಡಿಗೆ, ಎಳೆ ಬಿಚ್ಚದಂತೆ, ಅಂಚು ಓವರ್‌ಲಾಕ್ ಮಾಡಿ, ಒಳಗೆ 25 ಸೆಂ.ಮೀ. ಅಂತರಕ್ಕೆ ದಾರದ ಗುರುತು ಹಾಕಿ. ಪೆನ್ನಿನ ಗುರುತು ಅಳಿಸಿಹೋದೀತು. ಹಾಸಿನ ಕಡೆ ಮೂರು, ಹೊಕ್ಕಿನ ಕಡೆ ಮೂರು ಅಳತೆ. ಗಿರಾಕಿ ಮನೆಯಲ್ಲಿ ಹೇಗೆ ಒಗೆಯುತ್ತಾರೋ ಹಾಗೇ ಒಗೆದು, ನೆರಳಲ್ಲಿ ಹಾಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ, ಮುಖ್ಯವಾಗಿ ರೇಯಾನ್, ಜಗ್ಗಿ ಅಳತೆ ಸುಳ್ಳಾಗುತ್ತದೆ. 25 ಸೆಂ.ಮೀ. 24 ಆದರೆ ಶೇ. 4 ಕುಗ್ಗಿದಂತೆ, 100 ಸೆಂ.ಮೀ. ಉದ್ದದ ಕುರ್ತಾ 4 ಸೆಂ.ಮೀ. ಮೋಟಾಗುತ್ತದೆ. ಮಗ್ಗದಲ್ಲಿ ಬಿಗಿಯಾಗಿ ಎಳೆದಿರುವುದರಿಂದ ಸಾಮಾನ್ಯವಾಗಿ ಹಾಸಿನ ಕಡೆಯೇ ಹೆಚ್ಚು ಕುಗ್ಗುವುದು. ಒಂದೇ ಒಗೆತಕ್ಕೆ ನಿಲ್ಲಿಸಬೇಡಿ, ಮೂರು ಸಲ ಮಾಡಿ.

ಒಗೆದ ತುಂಡಿನ ಮೇಲೇ ಒಂದು ಹನಿ ನೀರು ಬಿಟ್ಟು, ಅದರ ಹೊಳಪು ಮಾಯವಾಗುವವರೆಗೆ ಎಣಿಸಿ. 5 ಸೆಕೆಂಡಿನೊಳಗೆ ಹೀರಿದರೆ ಒಳ್ಳೆಯದು. ಹೊಸ ಬಟ್ಟೆಯಲ್ಲಿ ಮಾಡಿದರೆ ಗಂಜಿ ನೀರನ್ನು ತಡೆದು ಹತ್ತಿಗೇ ಕೆಟ್ಟ ಹೆಸರು ತರುತ್ತದೆ. ಬಣ್ಣಕ್ಕೆ ಬಿಳಿ ಹತ್ತಿ ಬಟ್ಟೆಯಿಂದ 10 ಸಲ ಉಜ್ಜಿ ನೋಡಿ, ಒಣಗಿದ್ದು ಒಮ್ಮೆ, ಒದ್ದೆಯದು ಒಮ್ಮೆ.

ಇನ್ನು ಜನ. "ನಿಮಗೆ ಕಾಟನ್ ಇಷ್ಟಾನಾ?" ಎಂದು ಕೇಳಿದರೆ ಬಹುಪಾಲು ಜನ ಹೌದೆನ್ನುತ್ತಾರೆ, ಆ ಉತ್ತರದಿಂದ ಏನೂ ಪ್ರಯೋಜನವಿಲ್ಲ. "ಕೊನೆಗೆ ಕೊಂಡ ಕುರ್ತಾ ಯಾವುದು? ಕಳೆದ ತಿಂಗಳು ಎಷ್ಟು ಸಲ ಹಾಕಿದ್ರಿ? ಹಾಕದಿದ್ದರೆ ಯಾಕೆ?" ಎಂದು ಕೇಳಿ. ಇಸ್ತ್ರಿಯ ಕಾಟ, ಒಳಗಿನದು ಕಾಣುವುದು, ಕಂಕುಳಲ್ಲಿ ಬಿಗಿತ, ಎಲ್ಲ ಆಗ ಬಾಯಿಗೆ ಬರುತ್ತದೆ.

ಆಮೇಲೆ ಮುಟ್ಟಿಸಿ. ಒಗೆದು ಇಸ್ತ್ರಿ ಮಾಡಿದ 20 ಸೆಂ.ಮೀ. ತುಂಡುಗಳಿಗೆ 417, 862 ತರಹದ ಅಂಕಿ ಕೊಡಿ. 1, 2, 3 ಎಂದರೆ ಒಂದನೆಯದೇ ಮೇಲು ಅನ್ನಿಸಿಬಿಡುತ್ತದೆ. ಕೈ ತೂರುವ ತೂತಿರುವ ರಟ್ಟಿನ ಡಬ್ಬದಲ್ಲಿ ಎರಡೆರಡಾಗಿ ಇಟ್ಟು, "ಬೇಸಿಗೆಗೆ ಯಾವುದು ಹಾಕ್ತೀರಿ?" ಎಂದು ಕೇಳಿ. ನಾಲ್ಕು ಬಟ್ಟೆಗೆ 6 ಜೋಡಿ. ಅರ್ಧ ಜನಕ್ಕೆ ಎಡಬಲ ಅದಲುಬದಲು ಮಾಡಿ. ಹತ್ತಾರು ಕೈ ಸೋಕಿದ ತುಂಡು ಬೆವರಿಗೆ ಮೆತ್ತಗಾಗುತ್ತದೆ, ಬದಲಿ ತುಂಡು ಇರಲಿ. ಇದೇ 6 ಜೋಡಿಯನ್ನು ಕಣ್ಣಿಗೆ ಕಾಣುವಂತೆ ಒಮ್ಮೆ, ಬೆಲೆ ಹೇಳಿ ಮತ್ತೊಮ್ಮೆ ಕೇಳಿ. ಕೈ ಮೆಚ್ಚಿದ್ದನ್ನು ಬೆಲೆ ಕೇಳಿ ಕೈಬಿಡುವವರು ಇಲ್ಲೇ ಸಿಗುತ್ತಾರೆ.

30 ಜನರಾದರೆ ಪ್ರತಿ ಸುತ್ತಿನಲ್ಲಿ ಒಂದು ಬಟ್ಟೆಗೆ ಗರಿಷ್ಠ 90 ಗೆಲುವು. ಅದರ ಪಕ್ಕದಲ್ಲೇ ಜಿಎಸ್‌ಎಂ, ಕುಗ್ಗು, ಹನಿ ಹೀರಿದ ಸಮಯ ಬರೆಯಿರಿ. ನಾಲ್ಕೇ ಬಟ್ಟೆ ಇಟ್ಟುಕೊಂಡು "ಹಗುರವಾದ್ದನ್ನೇ ಜನ ಬಯಸುತ್ತಾರೆ" ಎಂದು ತೀರ್ಪು ಕೊಡಬೇಡಿ. ಹಗುರವಾದ್ದು ಮೆತ್ತಗೂ ಇದ್ದಿರಬಹುದು. ತೂಕದ ಪರಿಣಾಮವೇ ಬೇಕಾದರೆ 80 ಮತ್ತು 120 ಜಿಎಸ್‌ಎಂನ ಒಂದೇ ತರಹದ ಹತ್ತಿ ತಂದು, ಆ ಜೋಡಿಯನ್ನಷ್ಟೇ ಡಬ್ಬದಲ್ಲಿಡಿ.