ಎಪಿಐ ಕೀ ಕೋಡಿನೊಳಗೆ ಬರೆಯಬೇಡಿ

ಬಾಗಲಕೋಟೆಯ ಉಳ್ಳಾಗಡ್ಡಿ ದರ, ವಿಜಯಪುರದ ಒಣದ್ರಾಕ್ಷಿ ದರ ಊಹಿಸುವ ಪ್ರಾಜೆಕ್ಟು ನಮ್ಮ ಕಡೆಯ ಎಂಜಿನಿಯರಿಂಗ್ ಹುಡುಗರಿಗೆ ಅಚ್ಚುಮೆಚ್ಚು. ಮಾರುಕಟ್ಟೆ ದರ ಕೇಂದ್ರ ಸರ್ಕಾರದ ಡೇಟಾ ಡಾಟ್ ಗೌ ಡಾಟ್ ಇನ್ ತಾಣದಲ್ಲಿ ಸಿಗುತ್ತದೆ. ನೋಂದಾಯಿಸಿದರೆ ಎಪಿಐ ಕೀ ಕೊಡುತ್ತಾರೆ: ನಿಮ್ಮ ಪ್ರೋಗ್ರಾಮು ಆ ತಾಣದಿಂದ ಡೇಟಾ ಪಡೆಯಲು ತೋರಿಸಬೇಕಾದ ಗುಟ್ಟಿನ ಸಂಕೇತ ಅದು. ಅದನ್ನು ನೋಟ್‌ಬುಕ್ಕಿನ ಮೊದಲ ಸೆಲ್ಲಿನಲ್ಲೇ ಅಂಟಿಸಿ, ಕೋಡು ಹಂಚುವ ತಾಣವಾದ ಗಿಟ್‌ಹಬ್ಬಿಗೆ ಏರಿಸುವವರೇ ಹೆಚ್ಚು. ದರದ ಕೀ ಸೋರಿದರೆ ಹೋಗಲಿ ಎನ್ನಬಹುದು. ಅದೇ ರೂಢಿಯಲ್ಲಿ ಕ್ರೆಡಿಟ್ ಕಾರ್ಡ್ ಜೋಡಿಸಿದ ಎಐ ಸೇವೆಯ ಕೀ ಸೋರಿದರೆ ಬಿಲ್ಲು ಅಪ್ಪನ ಹೆಸರಿಗೆ ಬರುತ್ತದೆ.

ಮೊದಲು ಪ್ರಾಜೆಕ್ಟ್ ಫೋಲ್ಡರಿನಲ್ಲಿ ‘ಡಾಟ್ ಎನ್ವ್’ ಫೈಲು ಮಾಡಿ, ಕೀ ಕೋಡಿನ ಬದಲು ಇದರಲ್ಲಿರಲಿ. ಒಂದೇ ಸಾಲು ಸಾಕು: ದೊಡ್ಡಕ್ಷರದಲ್ಲಿ ಹೆಸರು, ಸಮಚಿಹ್ನೆ, ಕೀ. ನಡುವೆ ಜಾಗ ಬೇಡ. ನೋಟ್‌ಪ್ಯಾಡ್ ಬಳಸಲೇಬೇಡಿ. ಅದು ಹೆಸರಿನ ಹಿಂದೆ ಡಾಟ್ ಟಿಎಕ್ಸ್‌ಟಿ ಸೇರಿಸಿಬಿಡುತ್ತದೆ, ವಿಂಡೋಸ್ ಅದನ್ನು ತೋರಿಸುವುದೂ ಇಲ್ಲ. ‘ಸರ್ರ, ಫೈಲ್ ಅಲ್ಲೇ ಐತ್ರಿ, ಓದವಲ್ದು’ ಎಂಬ ದೂರಿನ ಮೂಲ ಬಹುತೇಕ ಇದೇ. ವಿಎಸ್ ಕೋಡಿನಲ್ಲೇ ಮಾಡಿ.

ಇನ್ನು ಎಡವುವ ಜಾಗ. ಮೊದಲ ಕಮಿಟ್‌ಗೂ, ಅಂದರೆ ಗಿಟ್‌ನಲ್ಲಿ ಫೈಲು ದಾಖಲಿಸುವುದಕ್ಕೂ ಮುಂಚೆ, ಗಿಟ್ ಯಾವುದನ್ನು ಬಿಡಬೇಕೆಂದು ಹೇಳುವ ‘ಡಾಟ್ ಗಿಟ್‌ಇಗ್ನೋರ್’ ಫೈಲಿನಲ್ಲಿ ಡಾಟ್ ಎನ್ವ್ ಎಂದು ಬರೆಯಬೇಕು. ಆಮೇಲೆ ಬರೆದರೆ ಪ್ರಯೋಜನವಿಲ್ಲ, ಒಮ್ಮೆ ಲೆಕ್ಕಕ್ಕೆ ತೆಗೆದುಕೊಂಡ ಫೈಲನ್ನು ಗಿಟ್ ಬಿಡುವುದಿಲ್ಲ. ಫೈಲು ಅಳಿಸಿ ಮತ್ತೆ ಕಮಿಟ್ ಮಾಡಿದರೂ ಹಳೆಯ ಕಮಿಟ್‌ನಲ್ಲಿ ಕೀ ಹಾಗೇ ಇರುತ್ತದೆ. ರೆಪೊಸಿಟರಿಯನ್ನೇ ಅಳಿಸಿದರೆ? ಅಷ್ಟರಲ್ಲಿ ಯಾರಾದರೂ ನಕಲು ಇಳಿಸಿಕೊಂಡಿರಬಹುದು. ಕೀ ಹುಡುಕಲೆಂದೇ ಗಿಟ್‌ಹಬ್ ಜಾಲಾಡುವ ಬಾಟ್‌ಗಳಿವೆ. ಆದ್ದರಿಂದ ಮೊದಲು ಕೀ ರದ್ದುಮಾಡಿ ಹೊಸದು ಪಡೆಯಿರಿ, ಹಳೆಯ ಕಮಿಟ್‌ಗಳಿಂದ ಕೀ ತೊಳೆಯುವ ಕೆಲಸ ಆಮೇಲೆ.

ಆ ಫೈಲಿನ ಕೀಯನ್ನು ಕೋಡಿನಿಂದ ಓದುವುದು ಸುಲಭ. ‘ಪೈಥಾನ್-ಡಾಟ್‌ಎನ್ವ್’ ಇನ್‌ಸ್ಟಾಲ್ ಮಾಡಿ, ಲೋಡ್ ಡಾಟ್‌ಎನ್ವ್ ಕರೆದು, ಓಎಸ್ ಡಾಟ್ ಎನ್ವಿರಾನ್‌ನಿಂದ ಹೆಸರು ಹೇಳಿ ಪಡೆಯಿರಿ. ಗೆಟ್‌ಎನ್ವ್ ನನಗೆ ಸೇರುವುದಿಲ್ಲ: ಕೀ ಇಲ್ಲದಿದ್ದರೆ ಸದ್ದಿಲ್ಲದೆ ‘ನನ್’ (ಪೈಥಾನಿನಲ್ಲಿ ‘ಏನೂ ಇಲ್ಲ’) ಕೊಟ್ಟು ಮುಂದೆಲ್ಲೋ ಕೈಕೊಡುತ್ತದೆ. ಎನ್ವಿರಾನ್ ಅಲ್ಲೇ ಕೀಎರರ್ ಕೂಗುತ್ತದೆ. ಕೀ ಬದಲಿಸಿದಾಗ ಕರ್ನೆಲ್ ರೀಸ್ಟಾರ್ಟ್ ಮಾಡಿ. ಲೋಡ್ ಡಾಟ್‌ಎನ್ವ್ ಈಗಾಗಲೇ ಓದಿಟ್ಟ ಹಳೆಯ ಕೀಯನ್ನು ತಾನಾಗಿ ಬದಲಿಸುವುದಿಲ್ಲ.

ಲ್ಯಾಬಿನ ಕಂಪ್ಯೂಟರಿನಲ್ಲಿ ‘ಸೆಟ್‌ಎಕ್ಸ್’ ಆಜ್ಞೆಯ ಅಡ್ಡದಾರಿ ಬೇಡ, ಅದು ಕೀಯನ್ನು ವಿಂಡೋಸ್ ಲಾಗಿನ್ನಿನಲ್ಲೇ ಕಾಯಂ ಉಳಿಸುತ್ತದೆ. ಎಲ್ಲರೂ ಒಂದೇ ಲಾಗಿನ್ ಬಳಸುವಲ್ಲಿ ನಿಮ್ಮ ಕೀ ಮುಂದಿನ ಬ್ಯಾಚಿನವರಿಗೂ ಸಿಗುತ್ತದೆ.

ಇಷ್ಟೆಲ್ಲ ಮಾಡಿದವರೂ ನೋಟ್‌ಬುಕ್ಕಿನ ಔಟ್‌ಪುಟ್ಟಿನಲ್ಲಿ ಸಿಕ್ಕಿಬೀಳುತ್ತಾರೆ. ಪ್ರಿಂಟ್ ಮಾಡಿ ನೋಡಿದ ಕೀ ಫೈಲಿನಲ್ಲೇ ಉಳಿಯುತ್ತದೆ. ಸರ್ಕಾರಿ ತಾಣದ ಕೀ ವಿಳಾಸದ ಸಾಲಿನಲ್ಲೇ ಹೋಗುವುದರಿಂದ, ಡೇಟಾ ತರಿಸುವ ರಿಕ್ವೆಸ್ಟ್ಸ್ ಲೈಬ್ರರಿಯ ಎರರ್ ಸಂದೇಶದಲ್ಲೂ ಪೂರ್ತಿ ಕಾಣುತ್ತದೆ. ಏರಿಸುವ ಮುಂಚೆ ಔಟ್‌ಪುಟ್ ಎಲ್ಲ ಅಳಿಸಿ. ಗೂಗಲ್‌ನ ಆನ್‌ಲೈನ್ ನೋಟ್‌ಬುಕ್ ಕೊಲ್ಯಾಬ್ ಬಳಸುವವರಿಗೆ ಎಡಬದಿಯ ಬೀಗದಕೈ ಗುರುತಿನಡಿ ‘ಸೀಕ್ರೆಟ್ಸ್’ ಇದೆ, ಡಾಟ್ ಎನ್ವ್ ಬೇಕಿಲ್ಲ.

ತಂಡದವರಿಗೆ ಹೆಸರು ಮಾತ್ರ ಇರುವ, ಕೀ ಖಾಲಿ ಬಿಟ್ಟ ಮಾದರಿ ಫೈಲು ಕೊಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೀ ಹಂಚಬೇಡಿ. ನೋಂದಣಿ ಪುಕ್ಕಟೆ, ಅವರವರ ಕೀ ಅವರವರೇ ಮಾಡಿಕೊಳ್ಳಲಿ.